ಎಂಟೆಂಟು ಸೆಕೆಂಡಿಗೊಂದು ಕೂಗು

"ಕೇಳಿಸೋಕೆ ಆಗಲ್ಲ ಅಂದೆನಲ್ಲ, ಸೆನೊ ಸಾನ್. ಓದೋಕೆ ಬೇಕಾದ್ರೆ ಕೊಡ್ತೀನಿ."

ಇನ್‌ಸ್ಪೆಕ್ಟರ್ ಡೋಯಿ ನಾಲ್ಕು ಹಾಳೆಗಳನ್ನು ಮೇಜಿನ ಮೇಲೆ ಮುಂದಕ್ಕೆ ಸರಿಸಿದ. ಸರಿಸಿದ್ದು ಎರಡೂ ಕೈಯಿಂದ, ತಲೆ ಬಾಗಿಸಿ, ಬಹಳ ವಿನಯದಿಂದ. ಈ ವಿನಯವೇ ಮಾಚಿಕೊಗೆ ಒಂಬತ್ತು ದಿನದಿಂದ ತಲೆ ಚಿಟ್ಟು ಹಿಡಿಸಿತ್ತು. ಅವನು ಬೈದು ಕಳಿಸಿದ್ದರೆ ತಿರುಗಿ ಬೈಯಬಹುದಿತ್ತು. ಬಾಗಿದ ತಲೆಯ ಜೊತೆ ಜಗಳ ಆಡುವುದು ಹೇಗೆ?

ಒಂಬತ್ತು ದಿನದ ಹಿಂದೆ, ಮಂಜು ಕವಿದ ಬೆಳಿಗ್ಗೆ, ಉಮಿನೋಹಾ ಏರ್ ಕಂಪನಿಯ ಪುಟ್ಟ ವಿಮಾನ ಮಿನಾಗಿ ದ್ವೀಪದ ರನ್‌ವೇಗೆ ಇನ್ನೂ ಒಂದೂವರೆ ಕಿಲೋಮೀಟರ್ ಇರುವಾಗಲೇ ಗುಡ್ಡದ ನೆತ್ತಿಗೆ ಬಡಿದಿತ್ತು. ಹದಿನಾಲ್ಕು ಜನರಲ್ಲಿ ಏಳು ಮಂದಿ ಸತ್ತರು. ವಿಮಾನ ನಡೆಸುತ್ತಿದ್ದ ಕ್ಯಾಪ್ಟನ್ ಮುರೊಯಿ ಆ ಏಳರಲ್ಲಿ ಒಬ್ಬರು.

ಸೆನೊ ಮಾಚಿಕೊ ಟೋಕಿಯೊದಿಂದ ಬಂದ ಅಪಘಾತ ತನಿಖಾಧಿಕಾರಿ. ಆದರೆ ವಿಮಾನ ಬಿದ್ದರೆ ಪೊಲೀಸರೂ ಕೇಸು ಹಾಕುತ್ತಾರೆ, ಸಾಕ್ಷಿಗಳನ್ನು ಮೊದಲು ಅವರೇ ಹೊತ್ತೊಯ್ಯುತ್ತಾರೆ. ಹೀಗಾಗಿ ವಿಮಾನದ ಎತ್ತರ, ವೇಗ ದಾಖಲಿಸಿದ ಯಂತ್ರದ ಲೆಕ್ಕ ಮಾಚಿಕೊ ಪಾಲಿಗೆ ಬಂತು, ಪೈಲಟ್‌ಗಳ ಕೋಣೆಯಲ್ಲಿ ಧ್ವನಿಮುದ್ರಣವಾದ ಮನುಷ್ಯರ ದನಿ ಡೋಯಿಯ ಬೀರುವಿನಲ್ಲಿ ಮೊಹರು ಹಾಕಿಸಿಕೊಂಡು ಕೂತಿತು. ಆ ದನಿಯನ್ನು ಅಕ್ಷರಕ್ಕಿಳಿಸಿದ ಹಾಳೆಗಳು ಸಹ ಇವತ್ತು ಮಧ್ಯಾಹ್ನವೇ ಅವಳ ಕೈಗೆ ಬಂದದ್ದು.

ಡೋಯಿ ಗಡಿಯಾರ ನೋಡಿದ. ಅವನ ಮಟ್ಟಿಗೆ ಕೇಸು ಮುಗಿದಿತ್ತು. ಉಪಪೈಲಟ್ ಎತ್ತರ ಕೂಗಿ ಹೇಳಿದ್ದಾನೆ, ಕ್ಯಾಪ್ಟನ್ ಸರಿ ಅಂದರೂ ಇಳಿಸುತ್ತಲೇ ಹೋಗಿದ್ದಾನೆ, ಕ್ಯಾಪ್ಟನ್ ಸತ್ತಿದ್ದಾನೆ. ಟೋಕಿಯೊದ ಮೇಲಧಿಕಾರಿಯೂ ಬೆಳಿಗ್ಗೆ ಫೋನಿನಲ್ಲಿ ಅದೇ ರಾಗ ಹಾಡಿದ್ದರು. ಪೈಲಟ್ ತಪ್ಪು ಅಂತ ಬರೆದು ಬಂದುಬಿಡಿ, ಇನ್ನೂ ಎರಡು ಕಡತ ಕಾಯುತ್ತಿವೆ ಅಂತ.

ಪೈಲಟ್ ತಪ್ಪು. ಎರಡೇ ಪದ. ಇಪ್ಪತ್ತು ವರ್ಷ ಕಂಟ್ರೋಲ್ ಟವರಿನಲ್ಲಿ ಕೂತು, ಆಮೇಲೆ ಹನ್ನೊಂದು ವರ್ಷ ಸುಟ್ಟ ವಿಮಾನಗಳ ನಡುವೆ ಓಡಾಡಿದ ಮಾಚಿಕೊಗೆ ಈ ಎರಡು ಪದ ಕೇಳಿದರೆ ಮೈ ಉರಿಯುತ್ತಿತ್ತು. ಯಾವ ಪೈಲಟ್, ಏನು ತಪ್ಪು, ಯಾಕೆ ಆಯಿತು ಅಂತ ಕೇಳದೆ ಕೈ ತೊಳೆದುಕೊಳ್ಳುವುದಕ್ಕೆ ಇದಕ್ಕಿಂತ ಸಲೀಸಾದ ಮಾತು ಇನ್ನೊಂದಿಲ್ಲ.

ಅದೂ ಇವತ್ತು. ಇವತ್ತು ಸಂಜೆ ಐದಕ್ಕೆ ಊರಿನ ಸಭಾಭವನದಲ್ಲಿ ಕ್ಯಾಪ್ಟನ್ ಮುರೊಯಿಯ ಹೆಂಡತಿ ಸಾಯೊ, ಸತ್ತ ಆರು ಮಂದಿಯ ಮನೆಯವರ ಮುಂದೆ ನೆಲಕ್ಕೆ ಹಣೆ ತಾಗಿಸಿ ಗಂಡನ ಪರವಾಗಿ ಕ್ಷಮೆ ಕೇಳುವವರಿದ್ದರು. ಒಂದು ಸಲ ಆ ಹಣೆ ನೆಲ ಮುಟ್ಟಿದರೆ ಮುಗಿಯಿತು. ಆಮೇಲೆ ಮಾಚಿಕೊ ಮುನ್ನೂರು ಪುಟ ಬರೆದರೂ ಈ ದ್ವೀಪದಲ್ಲಿ ಕೊಂದವನು ಮುರೊಯಿಯೇ, ಅವನ ಹೆಂಡತಿಯೇ ಒಪ್ಪಿಕೊಂಡಳಲ್ಲ ಅನ್ನುತ್ತಾರೆ.

ಮೊನ್ನೆ ಆ ಹೆಂಗಸು ಸಿಹಿಯ ಡಬ್ಬಿ ಹಿಡಿದು ಮನೆಮನೆ ಬಾಗಿಲಲ್ಲಿ ನಿಂತದ್ದನ್ನು ಮಾಚಿಕೊ ಕಣ್ಣಾರೆ ನೋಡಿದ್ದಳು. ಮೂರು ಬಾಗಿಲು ತೆರೆಯಲೇ ಇಲ್ಲ. ಒಂದು ತೆರೆಯಿತು, ಡಬ್ಬಿ ಹೊರಕ್ಕೆ ಬಂದು ಬಿತ್ತು.

ಠಾಣೆಯ ಹೊರಗಿನ ಬೆಂಚಿನಲ್ಲಿ ಕೂತು ಅವಳು ಹಾಳೆ ಬಿಡಿಸಿದಳು. ಆಗ ಎರಡು ಗಂಟೆ ಇಪ್ಪತ್ತು ನಿಮಿಷ.

ಮಂಜಿನಲ್ಲಿ ವಿಮಾನ ಇಳಿಸುವವರು ಕಿಟಕಿಯನ್ನು ನಂಬುವ ಹಾಗಿಲ್ಲ. ಒಬ್ಬ ನಡೆಸುತ್ತಾನೆ. ಪಕ್ಕದವನು ಎತ್ತರದ ಮೀಟರಿಗೆ ಬೆರಳು ತೋರಿಸಿ, ನೂರು ಅಡಿ ಇಳಿದಾಗಲೆಲ್ಲ ಎಷ್ಟಿದೆ ಅಂತ ಗಟ್ಟಿಯಾಗಿ ಕೂಗುತ್ತಾನೆ. ರೈಲಿನವರು ಸಿಗ್ನಲಿಗೆ ಬೆರಳು ತೋರಿಸಿ ಕೂಗುತ್ತಾರಲ್ಲ, ಅದೇ ಪದ್ಧತಿ. ಕಣ್ಣು ನೋಡಬೇಕು, ಬೆರಳು ತೋರಿಸಬೇಕು, ಬಾಯಿ ಹೇಳಬೇಕು, ಆಗ ತಪ್ಪು ನುಸುಳುವುದಿಲ್ಲ ಅಂತ ಲೆಕ್ಕ. ಮಿನಾಗಿಯಲ್ಲಿ ನಾನೂರು ಅಡಿ ಕೊನೆಯ ಗೆರೆ. ಅಷ್ಟರೊಳಗೆ ರನ್‌ವೇ ಕಾಣದಿದ್ದರೆ ಮಾತಿಲ್ಲದೆ ಮೇಲಕ್ಕೆ ಏರಬೇಕು.

ಹಾಳೆಯಲ್ಲಿ ಕೂಗುಗಳೆಲ್ಲ ಸಾಲಾಗಿ ಇದ್ದವು. ಪ್ರತಿಯೊಂದರ ಎದುರು 'ಉಪಪೈಲಟ್' ಅಂತ ಬರೆದಿತ್ತು. ಒಂಬತ್ತು ಗಂಟೆ ಹದಿನಾಲ್ಕು ನಿಮಿಷ ಎರಡನೇ ಸೆಕೆಂಡಿಗೆ ಸಾವಿರ. ಹತ್ತನೇ ಸೆಕೆಂಡಿಗೆ ಒಂಬೈನೂರು. ಹದಿನೆಂಟಕ್ಕೆ ಎಂಟುನೂರು. ಇಪ್ಪತ್ತಾರಕ್ಕೆ ಏಳುನೂರು. ಮೂವತ್ತನಾಲ್ಕಕ್ಕೆ ಆರುನೂರು. ನಲವತ್ತೆರಡಕ್ಕೆ ಐನೂರು. ನಲವತ್ತಮೂರನೇ ಸೆಕೆಂಡಿಗೆ ಬಡಿದ ಸದ್ದು.

ಮಾಚಿಕೊ ಎರಡನೇ ಸಲ ಓದಿದಳು. ಮೂರನೇ ಸಲ ಬೆರಳು ಮಡಚಿ ಎಣಿಸಿದಳು. ಎಂಟು ಸೆಕೆಂಡು, ಮತ್ತೆ ಎಂಟು, ಮತ್ತೆ ಎಂಟು. ಒಂದು ಕೂಗೂ ಒಂದು ಸೆಕೆಂಡು ಹಿಂದೆ ಮುಂದೆ ಆಗಿರಲಿಲ್ಲ.

ಅವಳು ಚೀಲದಿಂದ ಯಂತ್ರದ ಲೆಕ್ಕ ತೆಗೆದು ಪಕ್ಕದಲ್ಲಿಟ್ಟಳು. ಸಾವಿರ ಅಂದಾಗ ವಿಮಾನ ಸಾವಿರದಲ್ಲೇ ಇತ್ತು. ಅಲ್ಲಿಂದಾಚೆ ಗುಡ್ಡದ ಹಿಂದಿನ ಗಾಳಿ ಅದನ್ನು ಕೆಳಕ್ಕೆ ಒತ್ತಿತ್ತು, ಅದು ಎಂಟು ಸೆಕೆಂಡಿಗೆ ನೂರಲ್ಲ, ಸುಮಾರು ನೂರೈವತ್ತು ಅಡಿ ಇಳಿಯುತ್ತಿತ್ತು. ಆರುನೂರು ಅಂತ ಕೂಗಿದಾಗ ವಿಮಾನ ಇದ್ದದ್ದು ನಾನೂರ ಹದಿಮೂರರಲ್ಲಿ. ಐನೂರು ಅಂತ ಕೂಗಿದಾಗ ಇನ್ನೂರ ಅರವತ್ತೇಳರಲ್ಲಿ. ಗುಡ್ಡದ ನೆತ್ತಿ ಇನ್ನೂರ ಅರವತ್ತು ಅಡಿ.

ನೆಲ ಹತ್ತಿರ ಬಂದಾಗ ಬಡಿದುಕೊಳ್ಳಬೇಕಾದ ಗಂಟೆಯೂ ಸುಮ್ಮನಿತ್ತು. ಆ ಗುಡ್ಡದ ಮೇಲೆ ಅದು ಪ್ರತಿಸಲ ಸುಮ್ಮಸುಮ್ಮನೆ ಕೂಗುತ್ತದೆ ಅಂತ ಅದರ ಸ್ವಿಚ್ ಆರಿಸಿಡುವುದು ಈ ಕಂಪನಿಯ ರೂಢಿ. ಅದನ್ನು ಕಳೆದ ವಾರವೇ ಕೇಳಿ ಅವಳು ಒಂದು ಹೊತ್ತಿನ ಊಟ ಬಿಟ್ಟಿದ್ದಳು.

ಅಂದರೆ ಕೂಗಿದವನು ಮೀಟರ್ ನೋಡಿ ಕೂಗಿಲ್ಲ. ಬಾಯಿಪಾಠ ಒಪ್ಪಿಸಿದ್ದಾನೆ. ನೂರಾರು ಸಲ ಇಳಿದ ಜಾಗ, ನಾಲಿಗೆಗೆ ತಾಳ ಹತ್ತಿಬಿಟ್ಟಿದೆ.

ಮತ್ತೆ ಒಳಗೆ ಹೋಗಿ ಡೋಯಿಗೆ ಇದನ್ನು ಹೇಳಿದಾಗ ಅವನು ಆಸಕ್ತಿಯಿಂದ ಕೇಳಿದ, ಟಿಪ್ಪಣಿ ಮಾಡಿಕೊಂಡ, ಸೋಮವಾರ ಮೇಲಿನವರಿಗೆ ಕಳಿಸುವೆ ಅಂದ. ಇವತ್ತು ಗುರುವಾರ.

* * *

ಆಸ್ಪತ್ರೆಯ ಮೊಗಸಾಲೆಯಲ್ಲಿ ಕಾಜಿವಾರಾ ಸಿಕ್ಕರು. ಅರವತ್ತೊಂದರ ವಯಸ್ಸು, ನೆಟ್ಟಗಿನ ಬೆನ್ನು, ಬಲಗೈಗೆ ಪ್ಲಾಸ್ಟರ್. ಉಮಿನೋಹಾ ಕಂಪನಿಯ ಪೈಲಟ್‌ಗಳಿಗೆಲ್ಲ ಮುಖ್ಯಸ್ಥರು, ಗುರುಗಳು. ಆ ದಿನ ಅವರೂ ವಿಮಾನದಲ್ಲಿದ್ದರು, ಪ್ರಯಾಣಿಕರ ಪಟ್ಟಿಯಲ್ಲಿ ಮೊದಲ ಸಾಲಿನ ಸೀಟಿನಲ್ಲಿ. ಕೈ ಮುರಿದುಕೊಂಡು ಬದುಕಿಕೊಂಡಿದ್ದರು. ಆವತ್ತಿನಿಂದ ಗಾಯಾಳುಗಳ ಹಾಸಿಗೆಯಿಂದ ಹಾಸಿಗೆಗೆ ಓಡಾಡಿ ಪೇರ್ ಹಣ್ಣು ಹಂಚುತ್ತಿದ್ದರು.

ಅವರು ಮಾಚಿಕೊಗೂ ಒಂದು ಹಣ್ಣು ಕೊಟ್ಟರು. ಮುರೊಯಿ ಒಳ್ಳೆಯ ಪೈಲಟ್, ಅವನನ್ನು ತಯಾರು ಮಾಡಿದವನು ನಾನು, ಆದ್ದರಿಂದ ಎಲ್ಲ ಹೊಣೆಯೂ ನನ್ನದೇ ಅಂದರು. ಈ ಮಾತನ್ನು ಅವರು ಪತ್ರಿಕೆಯವರ ಮುಂದೆ ಎರಡು ಸಲ ಹೇಳಿದ್ದರು. ಹೊಣೆಯೆಲ್ಲ ನನ್ನದು ಅನ್ನುವವನ ಹತ್ತಿರ ಯಾವ ಹೊಣೆ ಅಂತ ಯಾರೂ ಬಿಡಿಸಿ ಕೇಳುವುದಿಲ್ಲ. ಸಾಯೊ ಅವರನ್ನು ಸಭಾಭವನಕ್ಕೆ ತಾವೇ ಕರೆದೊಯ್ಯುವುದಾಗಿ ಹೇಳಿ ಅವರು ಲಿಫ್ಟಿನತ್ತ ನಡೆದರು.

ಉಪಪೈಲಟ್ ಓಗಿನೊ ಶುಂತಾ ಹಾಸಿಗೆಯಲ್ಲಿ ದಿಂಬಿಗೆ ಒರಗಿ ಕೂತಿದ್ದ. ಇಪ್ಪತ್ತೊಂಬತ್ತು ವಯಸ್ಸು, ಎರಡೂ ಕಾಲಿಗೆ ಕಟ್ಟು. ಅವಳನ್ನು ಕಂಡೊಡನೆ ಸೊಂಟದಿಂದಲೇ ಬಾಗಲು ಹೋಗಿ ನೋವಿಗೆ ಹಲ್ಲು ಕಚ್ಚಿದ.

ಮಾಚಿಕೊ ಕುರ್ಚಿ ಎಳೆದುಕೊಂಡಳು. ಆಗಲೇ ಮೂರೂವರೆ.

"ಓಗಿನೊ ಸಾನ್, ಇಳಿಯೋವಾಗ ಹೇಗೆ ಕೂಗ್ತೀರಿ, ಒಂದ್ಸಲ ಕೂಗಿ ತೋರಿಸಿ."

ಅವನು ಅನುಮಾನಿಸಿದ. ಆಮೇಲೆ ಬಲಗೈ ಎತ್ತಿ, ಎದುರಿನ ಬಿಳಿ ಗೋಡೆಯಲ್ಲಿ ಮೀಟರ್ ಇದೆ ಅನ್ನುವ ಹಾಗೆ ತೋರುಬೆರಳು ಚಾಚಿ ಶುರು ಮಾಡಿದ. ಸಾವಿರ. ಒಂಬೈನೂರು. ಮೊದಲ ಅಕ್ಷರ ಹೊಟ್ಟೆಯಿಂದ, ಕೊನೆಯ ಅಕ್ಷರ ಮೂಗಿನತ್ತ ಎಳೆದು.

ಈ ಎಳೆತವನ್ನು ಅವಳು ನಿನ್ನೆಯೂ ಕೇಳಿದ್ದಳು. ಕಂಪನಿಯ ತರಬೇತಿ ಕೋಣೆಯಲ್ಲಿ ನಾಲ್ವರು ಪೈಲಟ್‌ಗಳು ಒಬ್ಬರಾದ ಮೇಲೊಬ್ಬರು ಕೂಗಿ ತೋರಿಸಿದ್ದರು. ಕಣ್ಣು ಮುಚ್ಚಿ ಕೇಳಿದರೆ ಯಾರು ಯಾರೆಂದು ಹೇಳುವುದು ಕಷ್ಟ. ಎಲ್ಲರೂ ಕಾಜಿವಾರಾ ಅವರ ಶಿಷ್ಯರು. ಗುರುಗಳು ಹೇಗೆ ಕೂಗುತ್ತಾರೋ ಹಾಗೆಯೇ ಕೂಗುವವರೆಗೆ ಅವರು ಯಾರನ್ನೂ ವಿಮಾನಕ್ಕೆ ಹತ್ತಿಸುತ್ತಿರಲಿಲ್ಲ. ಎರಡು ವರ್ಷ ಬರೀ ಗೋಡೆಗೆ ಬೆರಳು ತೋರಿಸಿ ಕೂಗಿದವರೂ ಇದ್ದರು, ಅದನ್ನು ಹೆಮ್ಮೆಯಿಂದಲೇ ಹೇಳಿಕೊಂಡಿದ್ದರು.

ಮಾಚಿಕೊ ಪೊಲೀಸರ ಹಾಳೆಯನ್ನು ಅವನ ಮಡಿಲಿಗಿಟ್ಟಳು. ಎಂಟೆಂಟು ಸೆಕೆಂಡಿನ ಲೆಕ್ಕ ತೋರಿಸಿದಳು, ಯಂತ್ರದ ಲೆಕ್ಕವನ್ನು ಅದರ ಪಕ್ಕದಲ್ಲಿ ಹಿಡಿದಳು. ನೀವು ಮೀಟರ್ ನೋಡದೆ ಕೂಗಿದ್ದೀರಿ, ಅದನ್ನು ನಂಬಿ ಮುರೊಯಿ ಗುಡ್ಡಕ್ಕೆ ಇಳಿದರು ಅಂದಳು. ಅವನು ಹಾಳೆಯನ್ನು ನೋಡುತ್ತಲೇ ಇದ್ದ. ಪೊಲೀಸರಿಗೆ ಎಲ್ಲ ಹೇಳಿದ್ದೇನೆ, ಹೇಳಿಕೆಗೆ ಸಹಿಯಾಗಿ ನನ್ನ ಮೊಹರು ಹಾಕಿದ್ದೇನೆ, ಇನ್ನು ಹೇಳುವುದಕ್ಕೇನೂ ಇಲ್ಲ ಅಂತ ಗೊಣಗಿದ.

ಅವಳಿಗೆ ರೇಗಿತು. ಒಂಬತ್ತು ದಿನದಿಂದ ಈ ಊರಿನಲ್ಲಿ ಎಲ್ಲರೂ ಅವಳಿಗೆ ಚಹಾ ಕೊಟ್ಟಿದ್ದರು, ಹಣ್ಣು ಕೊಟ್ಟಿದ್ದರು, ಕೊಡೆ ಹಿಡಿದು ಕಾರಿನವರೆಗೆ ಬಂದಿದ್ದರು. ಉತ್ತರ ಮಾತ್ರ ಒಬ್ಬರೂ ಕೊಟ್ಟಿರಲಿಲ್ಲ.

"ನಿಮ್ಮ ಮೊಹರು ಒಣಗೋಷ್ಟ್ರಲ್ಲಿ ಮುರೊಯಿ ಅಮ್ಮಾವ್ರು ಆರು ಮನೆ ಬಾಗ್ಲಿಗೆ ಹೋಗಿ ಬಂದ್ರು," ಅಂದಳು. "ಇವತ್ತು ಐದು ಗಂಟೆಗೆ ಊರೆಲ್ಲ ಸೇರಿದ ಕಡೆ ನೆಲಕ್ಕೆ ತಲೆ ಹಚ್ತಾರೆ. ನೀವು ನೋಡ್ದೆ ಇದ್ದ ಮೀಟರಿಗೆ ಅವರು ಯಾಕೆ ಬಾಗ್ಬೇಕು?"

ಓಗಿನೊ ಹಾಳೆಯಿಂದ ತಲೆಯೆತ್ತಿದ.

"ನೋಡಿದ್ದೆ," ಅಂದ.

"ಏನು?"

"ಮೀಟರ್ ನೋಡಿದ್ದೆ, ಸೆನೊ ಸಾನ್. ಮೊದಲಿಂದ ಕೊನೇವರೆಗೂ ನೋಡ್ತಾನೇ ಇದ್ದೆ. ಆರುನೂರು ಅನ್ನೋ ಮಾತು ಕಿವಿಗೆ ಬಿದ್ದಾಗ ಮುಳ್ಳು ನಾನೂರರ ಹತ್ರ ಇತ್ತು."

ಕಿವಿಗೆ ಬಿದ್ದಾಗ ಅಂದನಲ್ಲ ಇವನು. ಕೂಗಿದವನು ಹಾಗೆ ಹೇಳುವುದಿಲ್ಲ.

"ಆ ಕೂಗು ನಿಮ್ಮದಲ್ಲ," ಅಂದಳು ಮೆಲ್ಲಗೆ.

"ನನ್ನದಲ್ಲ."

ಆಮೇಲೆ ಅವನನ್ನು ಒತ್ತಾಯಿಸಬೇಕಾಗಲಿಲ್ಲ. ಇಬ್ಬರು ಪೈಲಟ್‌ಗಳ ಹಿಂದೆ ಮಡಚಿಡುವ ಒಂದು ಸೀಟು ಇರುತ್ತದೆ, ಪರೀಕ್ಷೆಗೆ ಬಂದವರು ಕೂರುವುದಕ್ಕೆ. ಇಳಿಯುವುದಕ್ಕೆ ಮುಂಚೆ ಕಾಜಿವಾರಾ ತಮ್ಮ ಮೊದಲ ಸಾಲಿನಿಂದ ಎದ್ದು ಒಳಗೆ ಬಂದು ಆ ಸೀಟಿನಲ್ಲಿ ಕೂತಿದ್ದರು. ಹಿಂದಿನ ದಿನ ಓಗಿನೊ ಕೂಗಿದ ರೀತಿ ಅವರಿಗೆ ಹಿಡಿಸಿರಲಿಲ್ಲವಂತೆ. ವಿಮಾನ ಹತ್ತುವ ಮೊದಲೇ, ನಿನ್ನ ಕೂಗಿಗೆ ಹೊಟ್ಟೆಯೇ ಇಲ್ಲ, ಇವತ್ತು ನಾನು ಕೂಗುತ್ತೇನೆ, ನೀನು ಬಾಯಿ ಮುಚ್ಚಿಕೊಂಡು ಕಲಿ ಅಂದರಂತೆ. ಮುರೊಯಿ ನಕ್ಕು ತಲೆಯಾಡಿಸಿದರಂತೆ. ಗುರುಗಳೇ ಕೂಗುತ್ತಾರೆ ಅಂದಮೇಲೆ ಇನ್ನೇನು.

"ಅವರು ಮೀಟರ್ ನೋಡ್ತಿರ್ಲಿಲ್ವಾ?"

"ಒಂದ್ಸಲ ತಿರುಗಿ ನೋಡಿದೆ. ಕಣ್ಣು ಮುಚ್ಕೊಂಡಿದ್ರು."

ಅವನು ಅಂಗೈಯಿಂದ ಮುಖ ಒರೆಸಿಕೊಂಡ.

"ನಾಲ್ಕು ಸಾವಿರ ಸಲ ಇಲ್ಲಿ ಇಳಿದೋರು ಅವ್ರು. ಎತ್ತರ ಮೈಗೆ ಗೊತ್ತಾಗ್ಬೇಕು ಅಂತ ಯಾವಾಗ್ಲೂ ಹೇಳ್ತಿದ್ರು. ಅವ್ರು ಆರುನೂರು ಅಂದ್ರು, ಮುಳ್ಳು ನಾನೂರು ಅಂತಿತ್ತು. ನಾನು ಮೀಟರ್ ಕೆಟ್ಟಿದೆ ಅಂದ್ಕೊಂಡೆ."

ಮಾಚಿಕೊಗೆ ಅವನಿಗೆ ಎರಡು ಬಿಡಬೇಕು ಅನ್ನಿಸಿತು, ತಲೆ ಸವರಬೇಕು ಅಂತಲೂ ಅನ್ನಿಸಿತು. ಎದುರಿಗೆ ಮೀಟರ್ ಕಾಣುತ್ತಿತ್ತು, ಕೈಯಳತೆಯಲ್ಲಿ ವಿಮಾನ ಎತ್ತುವ ಹಿಡಿಕೆ ಇತ್ತು, ಬಾಯಲ್ಲಿ ನಾಲಿಗೆ ಇತ್ತು. ಮೇಲಕ್ಕೆ ಅನ್ನುವ ಒಂದು ಮಾತು ಸಾಕಾಗಿತ್ತು. ಆದರೆ ಗುರುಗಳು ತಪ್ಪು ಅನ್ನುವುದಕ್ಕಿಂತ ಯಂತ್ರ ತಪ್ಪು ಅಂದುಕೊಳ್ಳುವುದು ಇವನಿಗೆ ಸುಲಭವಾಗಿತ್ತು. ಮುರೊಯಿಗೂ ಅಷ್ಟೇ. ಅವರ ಎದುರಿಗೂ ಒಂದು ಮೀಟರ್ ಇತ್ತು. ಶಿಷ್ಯನ ಕೂಗಾಗಿದ್ದರೆ ನಡುವೆ ಒಂದು ಸಲವಾದರೂ ನೋಡಿ ಖಾತ್ರಿ ಮಾಡಿಕೊಳ್ಳುತ್ತಿದ್ದರು.

ಅವಳು ಕಾಗದ, ಪೆನ್ನು ತೆಗೆದಳು. ಓಗಿನೊ ತಲೆಯಲ್ಲಾಡಿಸಿದ. ಎಷ್ಟು ಹೇಳಿದರೂ ಅಷ್ಟೇ. ನನ್ನನ್ನು ಪೈಲಟ್ ಮಾಡಿದವರು ಅವರು, ಅವರ ಹೆಸರನ್ನು ನನ್ನ ಕೈಯಿಂದ ಬರೆಯಲಾರೆ ಅಂದ. ಅವಳು ಎದ್ದು ಬಾಗಿಲವರೆಗೆ ಹೋದಾಗ ಹಿಂದಿನಿಂದ ಅವನ ದನಿ ಕೇಳಿಸಿತು.

"ಮೊನ್ನೆ ಮುರೊಯಿ ಅಮ್ಮಾವ್ರು ಇಲ್ಲಿಗೂ ಬಂದಿದ್ರು. ನಮ್ಮ ಯಜಮಾನ್ರಿಂದ ನಿಮ್ಮ ಕಾಲು ಮುರೀತು ಅಂತ ನಂಗೇ ಬಾಗಿದ್ರು. ಅವತ್ತಿಂದ ಅನ್ನ ಇಳೀತಿಲ್ಲ. ಅವರು ಒಂದು ಮಾತು ಕೇಳಿದ್ರೆ ಬರೆದು ಕೊಡ್ತೀನಿ. ಅವರೇ ಕೇಳ್ಬೇಕು."

* * *

ನಾಲ್ಕು ಗಂಟೆ ಹತ್ತು ನಿಮಿಷಕ್ಕೆ ಆಸ್ಪತ್ರೆಯ ಮೆಟ್ಟಿಲ ಮೇಲಿಂದಲೇ ಅವಳು ಡೋಯಿಗೆ ಫೋನ್ ಮಾಡಿದಳು. ಕೂಗಿದ್ದು ಉಪಪೈಲಟ್ ಅಂತ ಹಾಳೆಯಲ್ಲಿ ಬರೆಸಿದ್ದು ಯಾರು, ಆ ದನಿಯನ್ನು ಗುರುತಿಸಿದ್ದು ಯಾರು ಅಂತ ಕೇಳಿದಳು.

ಡೋಯಿ ಕಾಗದ ತಿರುವಿದ ಸದ್ದು ಕೇಳಿಸಿತು. ಅದು ಕಂಪನಿಯವರ ಕೆಲಸ, ದನಿಗಳ ಪರಿಚಯ ಅವರಿಗೇ ತಾನೆ ಇರುವುದು ಅಂದ. ಗುರುತು ಹಿಡಿಯಲು ಕಂಪನಿ ಕಳಿಸಿದ್ದು ಮುಖ್ಯಸ್ಥರಾದ ಕಾಜಿವಾರಾ ಅವರನ್ನೇ. ಪಾಪ, ಮುರಿದ ಕೈಯಲ್ಲೇ ಬಂದು ಪುಟಪುಟಕ್ಕೂ ಮೊಹರು ಹಾಕಿ ಹೋದರು.

ಮಾಚಿಕೊ ಫೋನನ್ನು ಕಿವಿಯಿಂದ ದೂರ ಹಿಡಿದು ಒಮ್ಮೆ ಉಸಿರು ಬಿಟ್ಟಳು. ತಾನು ಕೂಗಿದ ಕೂಗಿನ ಮುಂದೆ ಶಿಷ್ಯನ ಹೆಸರು ಬರೆಸಿ, ಅದಕ್ಕೆ ತಾನೇ ಮೊಹರು ಒತ್ತಿದ ಮನುಷ್ಯ. ಎಲ್ಲ ಶಿಷ್ಯರ ಕೂಗೂ ಗುರುವಿನ ಕೂಗೇ ಆಗಿರುವ ಕಂಪನಿಯಲ್ಲಿ ಅದನ್ನು ಯಾರು ಪ್ರಶ್ನಿಸಬೇಕು? ಹಿಂದಿನ ಸೀಟಿಗೂ ಒಂದು ಮೈಕ್ ಇರುತ್ತದೆ, ಅದರ ದನಿಯನ್ನು ಬೇರೆ ಮಾಡಿ ಕೇಳಿದರೆ ಸತ್ಯ ತಾನಾಗಿ ಹೊರಬೀಳುತ್ತದೆ ಅಂತ ಅವಳು ಡೋಯಿಗೆ ಬಿಡಿಸಿ ಹೇಳಿದಳು. ಅವನು ಎಲ್ಲವನ್ನೂ ವಿನಯದಿಂದ ಕೇಳಿಸಿಕೊಂಡ. ಅದಕ್ಕೆ ಬೇರೆ ಅರ್ಜಿ ಇದೆ, ಸೋಮವಾರ ಬನ್ನಿ ಅಂದ.

ಅವಳು ಟ್ಯಾಕ್ಸಿಗೆ ಕೈ ಮಾಡಿದಳು. ದ್ವೀಪದ ಟ್ಯಾಕ್ಸಿಯವನಿಗೆ ಎಪ್ಪತ್ತು ದಾಟಿತ್ತು, ತಿರುವಿಲ್ಲದ ಕಡೆಯೂ ನಿಲ್ಲಿಸಿ ಆಚೀಚೆ ನೋಡಿಯೇ ಮುಂದೆ ಹೋಗುತ್ತಿದ್ದ. ಬಂದರಿನ ಹತ್ತಿರ ಮೀನಿನ ಲಾರಿಯೊಂದು ಅಡ್ಡ ನಿಂತಿತ್ತು. ಅವಳು ಅರ್ಧ ದಾರಿಯಲ್ಲಿಯೇ ಇಳಿದು ನಡೆದಳು, ಆಮೇಲೆ ಓಡಿದಳು.

ಸಭಾಭವನ ತುಂಬಿತ್ತು. ಆರು ಮನೆಯವರು ಮುಂದಿನ ಸಾಲಿನಲ್ಲಿ ಕಪ್ಪು ಬಟ್ಟೆಯಲ್ಲಿ ಕೂತಿದ್ದರು. ಕಾಜಿವಾರಾ ಒಂದೇ ಕೈಯಿಂದ ಕುರ್ಚಿಗಳನ್ನು ನೇರ ಮಾಡುತ್ತಿದ್ದರು. ಮಾಚಿಕೊ ಗೋಡೆಯ ಪಕ್ಕದಲ್ಲೇ ಸರಿದು ಹಿಂಬದಿಯ ಅಡಿಗೆಕೋಣೆಗೆ ಹೋದಳು.

ಸಾಯೊ ಅಲ್ಲಿ ಒಬ್ಬರೇ ಬಾರ್ಲಿ ಚಹಾ ಕುಡಿಯುತ್ತ ಕೂತಿದ್ದರು. ಐದಕ್ಕೆ ಇನ್ನೂ ಹನ್ನೆರಡು ನಿಮಿಷ ಇತ್ತು. ಮಾಚಿಕೊ ಏದುಸಿರಿನಲ್ಲೇ ಎಲ್ಲ ಹೇಳಿದಳು. ಎಂಟು ಸೆಕೆಂಡಿನ ಲೆಕ್ಕ, ಹಿಂದಿನ ಸೀಟು, ಮುಚ್ಚಿದ ಕಣ್ಣು. ನಿಮ್ಮ ಯಜಮಾನರು ಕಿವಿಗೆ ಬಿದ್ದದ್ದನ್ನು ನಂಬಿದರು, ಅದೊಂದೇ ಅವರು ಮಾಡಿದ ತಪ್ಪು ಅಂದಳು. ಆಸ್ಪತ್ರೆಗೆ ಒಂದು ಫೋನ್ ಮಾಡಿ ಓಗಿನೊನನ್ನು ಕೇಳಿಬಿಡಿ, ಹೊರಗೆ ಹೋಗಿ ಬಾಗಬೇಡಿ ಅಂತ ಅಂಗಲಾಚಿದಳು. ತನಿಖಾಧಿಕಾರಿ ಯಾರ ಮುಂದೆಯೂ ಅಂಗಲಾಚುವ ಹಾಗಿಲ್ಲ, ಅದು ಅವಳಿಗೆ ಗೊತ್ತಿತ್ತು.

ಸಾಯೊ ಲೋಟವನ್ನು ತಟ್ಟೆಯ ಮೇಲಿಟ್ಟರು.

"ಗೊತ್ತು," ಅಂದರು.

ಮಾಚಿಕೊ ಅವರನ್ನೇ ನೋಡಿದಳು.

"ನಾಲ್ಕನೇ ದಿನ ಠಾಣೆಗೆ ಕರೆಸಿದ್ರು. ನಿಮ್ಮ ಯಜಮಾನ್ರ ದನಿ ಯಾವುದು ಹೇಳಿ ಅಂತ ನಂಗೂ ಆ ದನಿಗಳನ್ನ ಕೇಳಿಸಿದ್ರು. ಯಜಮಾನ್ರು ಪ್ರತಿ ಕೂಗಿಗೂ ಸರಿ, ಸರಿ ಅಂತಾರೆ. ಬೇರೇನೂ ಇಲ್ಲ."

"ಹಾಗಾದ್ರೆ ಕೂಗ್ತಿರೋದು ಯಾರು ಅಂತ ಆಗ್ಲೇ ಯಾಕೆ ಹೇಳ್ಲಿಲ್ಲ?"

"ನಂಗೆ ಐದು ವರ್ಷ ಇದ್ದಾಗ ಅಪ್ಪ ಸಮುದ್ರಕ್ಕೆ ಹೋದೋರು ಬರ್ಲಿಲ್ಲ. ಸ್ಕೂಲಿಗೆ ಕೈ ಹಿಡ್ಕೊಂಡು ಹೋಗಿ ಲೆಕ್ಕ ಕಲಿಸಿದ್ದು ಅದೇ ದನಿ." ಸಾಯೊ ಮಡಿಲ ಮೇಲಿನ ಸುಕ್ಕನ್ನು ಸರಿಮಾಡಿಕೊಂಡರು. "ನಮ್ಮಣ್ಣನ ದನಿ ನಂಗೆ ಗೊತ್ತಾಗಲ್ವಾ, ಸೆನೊ ಸಾನ್?"

ಕಾಜಿವಾರಾ ಸಾಯೊ ಅವರ ಅಣ್ಣ ಅನ್ನುವುದು ಈ ಊರಿನಲ್ಲಿ ಎಲ್ಲರಿಗೂ ಗೊತ್ತಿದ್ದ ವಿಷಯ. ಮದುವೆಯಾದ ಮೇಲೆ ತಂಗಿಯ ಮನೆತನದ ಹೆಸರು ಬದಲಾಗಿತ್ತು, ಅಷ್ಟೇ. ಹೊರಗಿನವಳಾದ ಮಾಚಿಕೊಗೆ ಒಬ್ಬರೂ ಹೇಳಿರಲಿಲ್ಲ, ಅವಳೂ ಕೇಳಿರಲಿಲ್ಲ. ಅವಳಿಗೆ ತನ್ನ ಮೇಲೆಯೇ ಸಿಟ್ಟು ಬಂತು.

"ಓಗಿನೊನ ಕೇಳಿ. ಒಂದೇ ಮಾತು," ಅಂದಳು.

"ಕೇಳ್ಬೇಕಾದ್ದು ಆ ಹುಡುಗನ್ನ ಅಲ್ಲ."

ಬಾಗಿಲು ಸರಿಯಿತು. ಕಾಜಿವಾರಾ ಒಳಗೆ ಇಣುಕಿ, ಹೊತ್ತಾಯಿತು ಬಾ ಅಂದರು. ಮಾಚಿಕೊ ಕೈಯಲ್ಲಿದ್ದ ಹಾಳೆಗಳ ಮೇಲೆ ಅವರ ಕಣ್ಣು ಒಂದು ಕ್ಷಣ ನಿಂತಿತು. ಸಾಯೊ ಎದ್ದು ಅವರ ಹಿಂದೆ ನಡೆದರು. ಮಾಚಿಕೊ ಬಾಗಿಲ ಚೌಕಟ್ಟು ಹಿಡಿದು ನಿಂತಳು. ತಡೆಯುವುದಕ್ಕೆ ಅವಳಿಗೆ ಯಾವ ಅಧಿಕಾರವೂ ಇರಲಿಲ್ಲ.

ಅಣ್ಣ ತಂಗಿ ಆರು ಮನೆಯವರ ಮುಂದೆ ಅಕ್ಕಪಕ್ಕದಲ್ಲಿ ಮಂಡಿಯೂರಿದರು. ಸಭೆಯ ಪಿಸುಮಾತು ನಿಂತಿತು. ಸಾಯೊ ಎರಡೂ ಅಂಗೈಗಳನ್ನು ಚಾಪೆಗೆ ಊರಿದರು. ತಲೆ ಮಾತ್ರ ಬಾಗಿಸಲಿಲ್ಲ. ಹಾಗೆಯೇ ಕತ್ತು ಹೊರಳಿಸಿ, ಕೊನೆಯ ಸಾಲಿನವರಿಗೂ ಕೇಳುವ ಹಾಗೆ ಕೇಳಿದರು:

"ಅಣ್ಣ, ನಾನು ಬಾಗ್ಲಾ, ನೀನು ಬಾಗ್ತೀಯಾ?"

ಕಾಜಿವಾರಾ ಬಾಯಿ ತೆರೆದರು.